ಸೂಚನೆಯಿಲ್ಲದೆ ಮಾತುಕತೆಗೆ ಕೂತವರು: ಬ್ರೆಕ್ಸಿಟ್ ಮತ್ತು ಬ್ರಿಟನ್ನಿನ ಅಧಿಕಾರಿಗಳು

ಐರೋಪ್ಯ ಒಕ್ಕೂಟ ಬಿಟ್ಟು ಹೊರಡುವ ದೇಶ ಯಾವ ಕ್ರಮ ಅನುಸರಿಸಬೇಕೆಂದು ಹೇಳುವ 50ನೇ ವಿಧಿ ಪುಟ್ಟದು, ಐದೇ ಕಂಡಿಕೆ. ಅದನ್ನು ರೂಪಿಸಿದವರಲ್ಲಿ ಮುಖ್ಯರು ಜಾನ್ ಕೆರ್ ಎಂಬ ಬ್ರಿಟಿಷ್ ಅಧಿಕಾರಿ. ಲಂಡನ್ನಿನ ವಿದೇಶಾಂಗ ಕಚೇರಿಯ ಅತ್ಯುನ್ನತ ಹುದ್ದೆಯಿಂದ ನಿವೃತ್ತರಾದ ಮೇಲೆ, 2002-03ರಲ್ಲಿ ಐರೋಪ್ಯ ಸಂವಿಧಾನದ ಕರಡು ತಯಾರಿಸಿದ ಸಮಾವೇಶಕ್ಕೆ ಅವರು ಪ್ರಧಾನ ಕಾರ್ಯದರ್ಶಿಯಾಗಿದ್ದರು. ಆ ಸಂವಿಧಾನ ಜಾರಿಗೆ ಬರಲೇ ಇಲ್ಲ. ವಿಧಿ ಮಾತ್ರ ಅದರ ಬದಲಿಗೆ ಬಂದ ಲಿಸ್ಬನ್ ಒಪ್ಪಂದದೊಳಗೆ ಉಳಿದುಕೊಂಡಿತು. ಅದನ್ನು ಮೊದಲು ಬಳಸಿದ್ದು ಅವರದೇ ದೇಶ. ಅದರ ಬಿಗಿ ಅನುಭವಿಸಿದ್ದು ಅವರ ನಂತರದ ತಲೆಮಾರಿನ ಅಧಿಕಾರಿಗಳು.

ಬಿಗಿ ಇರುವುದು ಹೀಗೆ. ಹೊರಡುತ್ತೇವೆಂದು ನೋಟಿಸ್ ಕೊಟ್ಟ ದಿನದಿಂದ ಎರಡು ವರ್ಷದ ಗಡುವು ಶುರುವಾಗುತ್ತದೆ. ಉಳಿದ ದೇಶಗಳು ಹೊರಡುವವರನ್ನು ಆಚೆ ಕೂರಿಸಿ ತಮ್ಮ ಮಾರ್ಗಸೂಚಿ ಬರೆದುಕೊಳ್ಳುತ್ತವೆ. ನಿರ್ಗಮನ ಒಪ್ಪಂದಕ್ಕೆ ಉಳಿದ 27ರಲ್ಲಿ 20 ದೇಶಗಳ, ಅವುಗಳಲ್ಲಿ ಒಟ್ಟು ಜನಸಂಖ್ಯೆಯ ಶೇ 65ರಷ್ಟಾದರೂ ಇರುವಂಥ ಬೆಂಬಲ ಸಾಕು. ಆದರೆ ಗಡುವನ್ನು ಒಂದು ದಿನ ಮುಂದೂಡಬೇಕಾದರೂ 27ಕ್ಕೆ 27 ಒಪ್ಪಬೇಕು. ಏನೂ ತೀರ್ಮಾನವಾಗದಿದ್ದರೆ ಗಡುವಿನ ದಿನ ಒಕ್ಕೂಟದ ಕಾನೂನೆಲ್ಲ ಆ ದೇಶಕ್ಕೆ ತಾನಾಗಿಯೇ ಅನ್ವಯವಾಗದೆ ಹೋಗುತ್ತದೆ. ಅಂದಮೇಲೆ ಹೊರಡುವವರ ಕೈಯಲ್ಲಿರುವ ನಿಜವಾದ ಅಸ್ತ್ರ ಒಂದೇ: ನೋಟಿಸ್ ಯಾವಾಗ ಕೊಡುವುದು ಎಂಬುದು. ಒಕ್ಕೂಟದ ಮುಖ್ಯ ಕಚೇರಿಗಳಿರುವ ಬ್ರಸೆಲ್ಸ್‌ನಲ್ಲಿ ಬ್ರಿಟನ್ನಿನ ಕಾಯಂ ಪ್ರತಿನಿಧಿಯಾಗಿದ್ದ ಸರ್ ಐವನ್ ರೋಜರ್ಸ್ 2016ರ ಕೊನೆಯ ತಿಂಗಳುಗಳಲ್ಲಿ ಕೊಟ್ಟ ಸಲಹೆಯೂ ಅದೇ. ಮಾತುಕತೆ ಯಾವ ಕ್ರಮದಲ್ಲಿ ನಡೆಯುತ್ತದೆಂದು ಮೊದಲು ತಿಳಿದುಕೊಳ್ಳಿ, ಆಮೇಲೆ ನೋಟಿಸ್ ಕೊಡಿ. ಸಚಿವರು ಕೇಳಲಿಲ್ಲ. 29 ಮಾರ್ಚ್ 2017ರಂದು ನೋಟಿಸ್ ಹೋಯಿತು.

ಬ್ರೆಕ್ಸಿಟ್, ಅಂದರೆ ಬ್ರಿಟನ್ನಿನ ಈ ನಿರ್ಗಮನದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಪ್ರಧಾನಿಗಳಾಗಿದ್ದ ಥೆರೆಸಾ ಮೇ, ಬೋರಿಸ್ ಜಾನ್ಸನ್, ಒಕ್ಕೂಟದ ಮುಖ್ಯ ಸಂಧಾನಕಾರ ಮಿಷೆಲ್ ಬಾರ್ನಿಯೆ ಇವರ ಸುತ್ತಲೇ ಸುತ್ತುತ್ತಾರೆ. ಒಪ್ಪಂದದ ಪಠ್ಯ ಬರೆದವರು, ಲೆಕ್ಕ ಹಾಕಿದವರು, ಎದುರು ಪಕ್ಷದವರ ಜೊತೆ ಪದಪದಕ್ಕೂ ಜಗ್ಗಾಡಿದವರು ಅಧಿಕಾರಿಗಳು. ಅವರ ಕೆಲಸವನ್ನು ಹತ್ತಿರದಿಂದ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಎರಡೂ ಕಡೆಯ ಅಧಿಕಾರಿಗಳ ಬುದ್ಧಿವಂತಿಕೆಯಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ಒಬ್ಬರ ಕೈಯಲ್ಲಿ ರಾಜಕೀಯ ಯಜಮಾನರ ಸಹಿ ಬಿದ್ದ ಲಿಖಿತ ಸೂಚನೆ ಇತ್ತು, ಇನ್ನೊಬ್ಬರ ಕೈಯಲ್ಲಿ ಇರಲಿಲ್ಲ. ಮುಂದೆ ಆದದ್ದರಲ್ಲಿ ಬಹುಪಾಲು ಇದೊಂದರಿಂದಲೇ ಹುಟ್ಟಿತು.

ಸಿದ್ಧತೆ ಬೇಡ ಎಂದ ಸರಕಾರ

23 ಜೂನ್ 2016ರ ಜನಮತಗಣನೆಯಲ್ಲಿ ಶೇ 51.9ರಷ್ಟು ಜನ ಹೊರಬರಲು ಮತ ಹಾಕಿದರು. ಅದಕ್ಕೂ ಮೊದಲು, ಫಲಿತಾಂಶ ಹೀಗೆ ಬಂದರೆ ಏನು ಮಾಡಬೇಕೆಂದು ಯೋಜನೆ ಹಾಕುವುದು ಬೇಡ ಎಂಬುದೇ ಡೇವಿಡ್ ಕ್ಯಾಮರನ್ ಸರಕಾರದ ನಿಲುವಾಗಿತ್ತು. ಯೋಜನೆ ಇದೆಯೆಂದು ಸೋರಿಕೆಯಾದರೆ ಎದುರು ಪಾಳಯದ ಪ್ರಚಾರಕ್ಕೆ ಬಲ ಬಂದೀತೆಂಬ ಲೆಕ್ಕಾಚಾರ. ಪಕ್ಕದ ಐರ್ಲೆಂಡ್ ಮಾತ್ರ ಫಲಿತಾಂಶ ಬಂದ ಬೆಳಿಗ್ಗೆಯೇ ತನ್ನ ಮುಂಜಾಗ್ರತಾ ಯೋಜನೆಯನ್ನು ಪ್ರಕಟಿಸಿತು. ಮತದಾನವಿದ್ದದ್ದು ಬ್ರಿಟನ್ನಿನಲ್ಲಿ, ಪುಟ ತುಂಬಿದ ಕಡತವಿದ್ದದ್ದು ಡಬ್ಲಿನ್‌ನಲ್ಲಿ.

ಜುಲೈ 2016ರಲ್ಲಿ ಥೆರೆಸಾ ಮೇ ಎರಡು ಹೊಸ ಇಲಾಖೆ ತೆರೆದರು. ಡೇವಿಡ್ ಡೇವಿಸ್ ಅವರಿಗೆ ಒಕ್ಕೂಟದಿಂದ ನಿರ್ಗಮಿಸುವ ಇಲಾಖೆ, ಲಿಯಾಮ್ ಫಾಕ್ಸ್ ಅವರಿಗೆ ಅಂತರರಾಷ್ಟ್ರೀಯ ವ್ಯಾಪಾರ. ಹೊಸ ಇಲಾಖೆ ಎಂದರೆ ಹೊಸ ಕಟ್ಟಡ, ಬೇರೆ ಇಲಾಖೆಗಳಿಂದ ಎರವಲು ಸಿಬ್ಬಂದಿ, ಯಾರು ಯಾರಿಗೆ ಕಡತ ಕಳಿಸಬೇಕೆಂಬ ಜಗಳ. ವಿಧಾನಸೌಧದಲ್ಲಿ ಖಾತೆ ಒಡೆದಾಗ ಏನಾಗುತ್ತದೆಂದು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಗ ಬ್ರಿಟನ್ನಿನ ನಾಗರಿಕ ಸೇವೆಯಲ್ಲಿ ಇದ್ದವರು ಸುಮಾರು 3.84 ಲಕ್ಷ, ಎರಡನೇ ಮಹಾಯುದ್ಧದ ನಂತರ ಇಷ್ಟು ಕಡಿಮೆ ಎಂದೂ ಇರಲಿಲ್ಲ. ವ್ಯಾಪಾರ ಒಪ್ಪಂದ ಮಾಡುವ ಅಧಿಕಾರ 1973ರಿಂದಲೂ ಬ್ರಸೆಲ್ಸ್‌ನ ಕೈಯಲ್ಲಿದ್ದುದರಿಂದ ಆ ಕಸುಬು ಬಲ್ಲವರು ಲಂಡನ್ನಿನಲ್ಲಿ ವಿರಳವಾಗಿದ್ದರು. 2017ರಲ್ಲಿ ವ್ಯಾಪಾರ ಮಾತುಕತೆಯ ಮುಖ್ಯ ಸಲಹೆಗಾರರನ್ನಾಗಿ ನ್ಯೂಜಿಲೆಂಡಿನ ಕ್ರಾಫರ್ಡ್ ಫಾಲ್ಕನರ್ ಅವರನ್ನು ಕರೆತರಬೇಕಾಯಿತು.

ನಿರ್ಗಮನ ಇಲಾಖೆಯ ಪರ್ಮನೆಂಟ್ ಸೆಕ್ರೆಟರಿಯಾಗಿ ಬಂದವರು ಆಲಿ ರಾಬಿನ್ಸ್. ನಮ್ಮ ಇಲಾಖಾ ಕಾರ್ಯದರ್ಶಿಗೆ ಸಮನಾದ ಹುದ್ದೆ ಅದು. ಅವರಿಗೆ ಇನ್ನೊಂದು ಜವಾಬ್ದಾರಿಯೂ ಇತ್ತು: ಐರೋಪ್ಯ ವ್ಯವಹಾರಗಳಲ್ಲಿ ಪ್ರಧಾನಿಯ ಖಾಸಾ ಪ್ರತಿನಿಧಿ. ಒಬ್ಬ ಅಧಿಕಾರಿ, ಇಬ್ಬರು ಯಜಮಾನರು. ಡೇವಿಸ್ ಒಂದು ಹೇಳಿ ಪ್ರಧಾನಿ ಇನ್ನೊಂದು ಹೇಳಿದರೆ ರಾಬಿನ್ಸ್ ಯಾರ ಮಾತು ಕೇಳಬೇಕು? ಸೆಪ್ಟೆಂಬರ್ 2017ರಲ್ಲಿ ಅವರನ್ನು ಸಂಪುಟ ಸಚಿವಾಲಯಕ್ಕೆ ವರ್ಗಾಯಿಸಿ ನೇರವಾಗಿ ಪ್ರಧಾನಿಯ ಕೆಳಗೆ ತಂದರು. ಇಲಾಖೆಗೆ ಸಚಿವರು ಉಳಿದರು, ಮಾತುಕತೆ ಬೇರೆ ಕಟ್ಟಡಕ್ಕೆ ಹೋಯಿತು. ಡೇವಿಸ್ ಮತ್ತು ಅವರ ನಂತರ ಬಂದ ಡಾಮಿನಿಕ್ ರಾಬ್, ತಮಗೆ ತಿಳಿಯದಂತೆ ಕರಡು ಬದಲಾಗುತ್ತಿದೆ ಎಂದು ದೂರುವುದಕ್ಕೆ ಬೀಜ ಬಿದ್ದದ್ದು ಇಲ್ಲೇ.

ಇಷ್ಟರೊಳಗೆ ಐವನ್ ರೋಜರ್ಸ್ ಹುದ್ದೆಯಲ್ಲಿ ಇರಲಿಲ್ಲ. ಒಕ್ಕೂಟದ ಜೊತೆ ಪೂರ್ಣ ವ್ಯಾಪಾರ ಒಪ್ಪಂದ ಕುದುರಲು ಹತ್ತು ವರ್ಷ ಹಿಡಿಯಬಹುದು ಎಂದು ಬೇರೆ ರಾಜಧಾನಿಗಳಲ್ಲಿ ಅಂದುಕೊಳ್ಳುತ್ತಿದ್ದಾರೆಂದು ಅವರು ಸಚಿವರಿಗೆ ವರದಿ ಮಾಡಿದ್ದರು. ಡಿಸೆಂಬರ್ 2016ರಲ್ಲಿ ಅದು ಸುದ್ದಿಯಾದಾಗ ನಿರಾಶಾವಾದಿ ಎಂಬ ಹಣೆಪಟ್ಟಿ ಬಿತ್ತು. ಜನವರಿ 2017ರಲ್ಲಿ ರಾಜೀನಾಮೆ ಕೊಟ್ಟು ಸಿಬ್ಬಂದಿಗೆ ಬರೆದ ಪತ್ರದಲ್ಲಿ ಅವರು, ಅಧಿಕಾರದಲ್ಲಿರುವವರಿಗೆ ಸತ್ಯ ಹೇಳಲು ಅಂಜಬೇಡಿ, ಬುಡವಿಲ್ಲದ ವಾದವನ್ನು ಪ್ರಶ್ನಿಸಿ ಎಂದಿದ್ದರು. ಬಹುಪಕ್ಷೀಯ ಮಾತುಕತೆಯ ಅನುಭವ ವೈಟ್‌ಹಾಲ್‌ನಲ್ಲಿ (ಲಂಡನ್ನಿನ ಸರಕಾರಿ ಕಚೇರಿಗಳಲ್ಲಿ) ಕಡಿಮೆಯಿದೆ, ಎದುರು ಕಡೆ ಅದು ಧಾರಾಳವಾಗಿದೆ ಎಂಬ ಮಾತೂ ಅದರಲ್ಲಿತ್ತು. ನನ್ನ ಮಟ್ಟಿಗೆ ಅದು ಬ್ರೆಕ್ಸಿಟ್‌ನ ಅತ್ಯಂತ ಪ್ರಾಮಾಣಿಕ ಸರಕಾರಿ ಟಿಪ್ಪಣಿ. ಅದರಿಂದ ಬದಲಾದದ್ದು ಮಾತ್ರ ಏನೂ ಇಲ್ಲ.

ಸೂಚನೆ ಎಂಬ ಕಾಗದ

ಎದುರು ಪಕ್ಷದ ಕ್ರಮವೇ ಬೇರೆ. 29 ಏಪ್ರಿಲ್ 2017ರಂದು 27 ದೇಶಗಳ ನಾಯಕರು ಮಾರ್ಗಸೂಚಿ ಅಂಗೀಕರಿಸಿದರು. 22 ಮೇ ಹೊತ್ತಿಗೆ ಸಚಿವರ ಮಂಡಳಿ ಅದನ್ನು ವಿವರವಾದ ಮಾತುಕತೆ ನಿರ್ದೇಶನಗಳಾಗಿ ಇಳಿಸಿತು. ಬಾರ್ನಿಯೆ ಮತ್ತು ಅವರ ಉಪಮುಖ್ಯಸ್ಥೆ ಜಾಬೀನೆ ವೈಯಾಂಡ್ ಅವರ ಕಾರ್ಯಪಡೆ ಆ ಗೆರೆಯೊಳಗೇ ಕೆಲಸ ಮಾಡಿತು. ಕರಡು ಸಿದ್ಧವಾದರೆ ಮೊದಲು 27 ದೇಶಗಳ ಅಧಿಕಾರಿಗಳಿರುವ ಕಾರ್ಯಗುಂಪಿಗೆ, ಅಲ್ಲಿಂದ ತಿದ್ದಿಸಿಕೊಂಡು ಬ್ರಿಟನ್ನಿಗೆ, ಬಳಿಕ ಅಂತರ್ಜಾಲಕ್ಕೆ. ಮುಚ್ಚಿಡುವ ಗೋಜೇ ಇಲ್ಲ. ಪ್ರಕಟವಾದ ಕಾಗದದಿಂದ ಹಿಂದೆ ಸರಿಯುವುದು ಕಷ್ಟ, ಹಾಗಾಗಿ ಯಾವುದೋ ಒಂದು ರಾಜಧಾನಿಯನ್ನು ಬೇರ್ಪಡಿಸಿ ಒಲಿಸಿಕೊಳ್ಳುವ ಬ್ರಿಟನ್ನಿನ ಹಳೆಯ ತಂತ್ರಕ್ಕೆ ಜಾಗ ಉಳಿಯಲಿಲ್ಲ.

ಲಂಡನ್ನಿನಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತಿತ್ತು. ಒಕ್ಕೂಟದ ದೇಶಗಳು ಒಂದೇ ನಿಯಮದಡಿ ವ್ಯಾಪಾರ ಮಾಡುವ ಏಕೀಕೃತ ಮಾರುಕಟ್ಟೆ ಬಿಡಬೇಕು, ಐರ್ಲೆಂಡಿನ ಗಡಿಯಲ್ಲಿ ತಪಾಸಣೆ ಇರಬಾರದು, ಬ್ರಿಟನ್ನಿನದೇ ಭಾಗವಾದ ಉತ್ತರ ಐರ್ಲೆಂಡಿಗೆ ಬೇರೆ ನಿಯಮ ಕೂಡದು: ಈ ಮೂರನ್ನೂ ಒಟ್ಟಿಗೆ ಕೇಳುವ ಸಂಪುಟ ಅದು. ಯಾವುದಾದರೂ ಒಂದನ್ನು ಬಿಡಲೇಬೇಕೆಂದು ಅಧಿಕಾರಿಗಳು ಟಿಪ್ಪಣಿ ಬರೆಯಬಹುದು, ಯಾವುದನ್ನು ಬಿಡಬೇಕೆಂದು ಅವರೇ ತೀರ್ಮಾನಿಸುವಂತಿಲ್ಲ. ಸಂಪುಟ ಒಟ್ಟಾಗಿ ಒಂದು ವಿವರವಾದ ನಿಲುವಿಗೆ ಬಂದದ್ದು 6 ಜುಲೈ 2018ರಂದು, ಪ್ರಧಾನಿಯ ಚೆಕರ್ಸ್ ಬಂಗಲೆಯಲ್ಲಿ. ನೋಟಿಸ್ ಕೊಟ್ಟು ಹದಿನೈದು ತಿಂಗಳಾಗಿತ್ತು. ಎರಡೇ ದಿನಕ್ಕೆ ಡೇವಿಸ್ ರಾಜೀನಾಮೆ ಕೊಟ್ಟರು, ಮರುದಿನ ವಿದೇಶಾಂಗ ಸಚಿವ ಜಾನ್ಸನ್.

17 ಜುಲೈ 2017ರಂದು ತೆಗೆದ ಒಂದು ಚಿತ್ರ ಆಗ ಬಹಳ ಓಡಾಡಿತು: ಬಾರ್ನಿಯೆ ತಂಡದ ಮುಂದೆ ಕಾಗದದ ಕಟ್ಟು, ಡೇವಿಸ್, ರಾಬಿನ್ಸ್ ಮತ್ತು ರೋಜರ್ಸ್ ಜಾಗಕ್ಕೆ ಬಂದಿದ್ದ ಟಿಮ್ ಬ್ಯಾರೋ ಮುಂದೆ ಬರಿಯ ಮೇಜು. ಕಡತಗಳು ಚೀಲದಲ್ಲಿದ್ದವು ಎಂದು ಸಮಜಾಯಿಷಿ ಬಂತು, ಇದ್ದಿರಲೂಬಹುದು. ಆದರೆ ಆ ತಿಂಗಳಲ್ಲಿ ಒಕ್ಕೂಟದ ನಿಲುವು ಪತ್ರಗಳು ಸಾಲುಗಟ್ಟಿ ಪ್ರಕಟವಾಗಿದ್ದರೆ, ಸುಂಕ ಮತ್ತು ಉತ್ತರ ಐರ್ಲೆಂಡ್ ಕುರಿತ ಬ್ರಿಟನ್ನಿನ ಪತ್ರ ಬಂದದ್ದು ಆಗಸ್ಟ್ ಮಧ್ಯದಲ್ಲಿ.

ಒಂದು ಸುತ್ತು ಹೇಗೆ ನಡೆಯುತ್ತದೆ

19 ಜೂನ್ 2017ರಂದು ಎರಡೂ ಕಡೆಯವರು ಕೆಲಸದ ಕ್ರಮ ಒಪ್ಪಿಕೊಂಡರು. ನಾಲ್ಕು ವಾರಕ್ಕೊಮ್ಮೆ ಒಂದು ಸುತ್ತು. ನಾಗರಿಕರ ಹಕ್ಕು, ಹಣಕಾಸು, ಇತರ ಬಿಡುಗಡೆ ವಿಷಯಗಳು ಎಂದು ಮೂರು ಗುಂಪು. ಐರ್ಲೆಂಡ್ ವಿಷಯ ಮಾತ್ರ ಮುಖ್ಯ ಸಂಯೋಜಕರಾದ ರಾಬಿನ್ಸ್ ಮತ್ತು ವೈಯಾಂಡ್ ಅವರ ನಡುವೆ. ಮೊದಲು ಹೊರಡುವ ಲೆಕ್ಕ ಚುಕ್ತಾ, ಸಾಕಷ್ಟು ಪ್ರಗತಿಯಾಯಿತು ಎಂದು 27 ನಾಯಕರು ಹೇಳಿದ ಮೇಲೆ ವ್ಯಾಪಾರದ ಮಾತು: ಈ ಅನುಕ್ರಮವೂ ಅಂದೇ ಇತ್ಯರ್ಥವಾಯಿತು. ಬೇಸಿಗೆಯಿಡೀ ಇದರ ಮೇಲೆ ಜಗಳವಾಡುತ್ತೇನೆಂದಿದ್ದ ಡೇವಿಸ್ ಮೊದಲ ದಿನವೇ ಬಿಟ್ಟುಕೊಟ್ಟರು. ರೋಜರ್ಸ್ ಎಚ್ಚರಿಸಿದ್ದು ಇದನ್ನೇ.

ಸುತ್ತಿನ ವಾರದಲ್ಲಿ ಸೋಮವಾರ ಆರಂಭದ ಸಭೆ, ಆಮೇಲೆ ಗುಂಪುಗಳು ಬೇರೆ ಬೇರೆ ಕೋಣೆಗಳಲ್ಲಿ, ಗುರುವಾರ ಇಬ್ಬರು ಮುಖ್ಯಸ್ಥರ ಪತ್ರಿಕಾಗೋಷ್ಠಿ. ಡೇವಿಸ್ ಕೆಲವು ಸುತ್ತುಗಳಲ್ಲಿ ಆರಂಭಕ್ಕೆ ಬಂದು ಲಂಡನ್ನಿಗೆ ಮರಳಿ, ಕೊನೆಯ ದಿನ ಮತ್ತೆ ಬರುತ್ತಿದ್ದರು. ನಡುವಿನ ದಿನಗಳು ಪೂರ್ತಿ ಅಧಿಕಾರಿಗಳದು.

ಹಣಕಾಸು ಗುಂಪಿನ ಕೆಲಸ ಇಲ್ಲಿ ನಿಂತು ನೋಡುವಂಥದ್ದು, ಅಧಿಕಾರಿಗಳ ಕೈಚಳಕ ಅತಿ ಚೆನ್ನಾಗಿ ಫಲಿಸಿದ್ದು ಅಲ್ಲೇ. ಬ್ರಿಟನ್ ಎಷ್ಟು ಕೊಡಬೇಕು? 60 ಬಿಲಿಯನ್ ಯೂರೋ, 100 ಬಿಲಿಯನ್ ಎಂದೆಲ್ಲ ಪತ್ರಿಕೆಗಳಲ್ಲಿ ಅಂಕಿ ಹಾರಾಡುತ್ತಿತ್ತು. ಯಾವುದೇ ಮೊತ್ತ ಬಾಯಿಬಿಟ್ಟು ಹೇಳಿದರೂ ಲಂಡನ್ನಿನಲ್ಲಿ ಸರಕಾರ ಅಲುಗಾಡುವ ಸ್ಥಿತಿ. 2017ರ ಆಗಸ್ಟ್ ಸುತ್ತಿನಲ್ಲಿ ಬ್ರಿಟಿಷ್ ಅಧಿಕಾರಿಗಳು ಒಕ್ಕೂಟದ ಬೇಡಿಕೆಯ ಪ್ರತಿ ಬಾಬತ್ತಿಗೂ ಕಾನೂನಿನ ಆಧಾರ ಎಲ್ಲಿದೆ ಎಂದು ಸಾಲು ಸಾಲಾಗಿ ಪ್ರಶ್ನಿಸಿದರು. ಎದುರಿನವರಿಗೆ ಅದು ಹಿಡಿಸಲಿಲ್ಲ, ಆದರೆ ಬಾಬತ್ತುಗಳು ಬಿಡಿಬಿಡಿಯಾಗಿ ಚರ್ಚೆಗೆ ಬರಲು ಅದೇ ದಾರಿ ಮಾಡಿತು. ಕೊನೆಗೆ ಎರಡೂ ಕಡೆ ಒಪ್ಪಿದ್ದು ಮೊತ್ತವನ್ನಲ್ಲ, ಲೆಕ್ಕ ಹಾಕುವ ವಿಧಾನವನ್ನು. 2019 ಮತ್ತು 2020ರ ಬಜೆಟ್ಟಿಗೆ ಸದಸ್ಯನಂತೆಯೇ ವಂತಿಗೆ. 2020ರ ಕೊನೆಯವರೆಗೆ ಒಕ್ಕೂಟ ಮಂಜೂರು ಮಾಡಿ ಇನ್ನೂ ಪಾವತಿಸದ ಬಾಕಿಯಲ್ಲಿ ಪಾಲು. ಒಕ್ಕೂಟದ ನೌಕರರ ಪಿಂಚಣಿ ಹೊಣೆಯಲ್ಲಿ ಪಾಲು. ಪಾಲಿನ ಪ್ರಮಾಣ 2014ರಿಂದ 2020ರವರೆಗೆ ಬ್ರಿಟನ್ ಕಟ್ಟಿದ ವಂತಿಗೆಯ ಅನುಪಾತದಂತೆ. ಐರೋಪ್ಯ ಹೂಡಿಕೆ ಬ್ಯಾಂಕಿನಲ್ಲಿ ಬ್ರಿಟನ್ ತೊಡಗಿಸಿದ್ದ 3.5 ಬಿಲಿಯನ್ ಯೂರೋ ಬಂಡವಾಳ 12 ವಾರ್ಷಿಕ ಕಂತುಗಳಲ್ಲಿ ವಾಪಸ್. ಪಾವತಿ ಆಯಾ ಖರ್ಚು ಬಂದಾಗ, ದಶಕಗಳ ಮೇಲೆ ಹರಡಿಕೊಂಡು. ಬ್ರಿಟನ್ನಿನ ಖಜಾನೆ ಇದನ್ನು 35ರಿಂದ 39 ಬಿಲಿಯನ್ ಪೌಂಡ್ ಎಂದು ಅಂದಾಜಿಸಿತು. ಸೂತ್ರದ ವಿರುದ್ಧ ಮೆರವಣಿಗೆ ತೆಗೆಯುವುದು ಕಷ್ಟ. ಸರಕಾರ ಬೀಳಿಸುತ್ತದೆಂದು ಎಲ್ಲರೂ ಅಂದುಕೊಂಡಿದ್ದ ವಿಷಯ ಸದ್ದಿಲ್ಲದೆ ಬಗೆಹರಿಯಿತು.

ನಾಗರಿಕರ ಹಕ್ಕಿನ ಗುಂಪು ಬಣ್ಣದ ಕೋಷ್ಟಕ ಮಾಡಿಕೊಂಡಿತು: ಒಪ್ಪಿದ್ದು ಹಸಿರು, ಇನ್ನೂ ಚರ್ಚಿಸಬೇಕಾದದ್ದು ಹಳದಿ, ಒಮ್ಮತವಿಲ್ಲದ್ದು ಕೆಂಪು. ಅದೇ ಪದ್ಧತಿ 19 ಮಾರ್ಚ್ 2018ರ ಒಪ್ಪಂದದ ಕರಡಿಗೂ ಬಂತು. ಅಲ್ಲಿ ಕೆಂಪಿನ ಬದಲು ಬಣ್ಣ ಹಚ್ಚದ ಬಿಳಿ. ಬ್ರಿಟನ್ನಿನಲ್ಲಿರುವ ಒಕ್ಕೂಟದ ನಾಗರಿಕರ ಪ್ರಕರಣಗಳಲ್ಲಿ ಐರೋಪ್ಯ ನ್ಯಾಯಾಲಯದ ಅಭಿಪ್ರಾಯ ಕೇಳುವ ಅವಕಾಶ ಎಂಟು ವರ್ಷ ಮಾತ್ರ ಎಂಬಂಥ ನಡುದಾರಿಗಳು ಇಂಥ ಕೋಷ್ಟಕಗಳ ಮೇಲೆ ಬೆರಳಿಟ್ಟು ಕೂತವರಿಂದಲೇ ಬಂದವು. ಎಡವಿದ್ದು ಎಣಿಕೆಯಲ್ಲಿ. ಮುಕ್ತ ಸಂಚಾರವಿದ್ದ ಕಾಲದಲ್ಲಿ ಯಾರೂ ನೋಂದಣಿ ಮಾಡಿಸಬೇಕಿರಲಿಲ್ಲ, ಹಾಗಾಗಿ ಒಕ್ಕೂಟದ ಎಷ್ಟು ಜನ ದೇಶದಲ್ಲಿದ್ದಾರೆಂದು ಬ್ರಿಟನ್ನಿಗೇ ಗೊತ್ತಿರಲಿಲ್ಲ. ಮುಂದೆ ನೆಲಸುವ ಹಕ್ಕಿಗೆ ಅರ್ಜಿ ಕರೆದಾಗ ಸುಮಾರು 35ರಿಂದ 41 ಲಕ್ಷ ಜನ ಅರ್ಹರಿರಬಹುದೆಂದು ಗೃಹ ಇಲಾಖೆ ಎಣಿಸಿತ್ತು. 30 ಜೂನ್ 2021ರ ಗಡುವಿನೊಳಗೆ ಬಂದ ಅರ್ಜಿಗಳು 60 ಲಕ್ಷದ ಆಸುಪಾಸು.

49 ಮತ್ತು 50

ಐರ್ಲೆಂಡ್ ವಿಷಯದಲ್ಲಿ ಅದೇ ಕೈಚಳಕ ತಿರುಗಿಬಿತ್ತು. ಉತ್ತರ ಐರ್ಲೆಂಡಿಗೂ ಒಕ್ಕೂಟದಲ್ಲೇ ಉಳಿದ ಐರ್ಲೆಂಡಿಗೂ ನಡುವಿನ ಗಡಿಯ ಉದ್ದ ಸುಮಾರು 500 ಕಿಲೋಮೀಟರ್, ದಾಟುವ ರಸ್ತೆಗಳು 200ಕ್ಕೂ ಹೆಚ್ಚು. ಉತ್ತರ ಐರ್ಲೆಂಡಿನ ದೀರ್ಘ ಹಿಂಸಾಚಾರಕ್ಕೆ ತೆರೆ ಎಳೆದ 1998ರ ಗುಡ್ ಫ್ರೈಡೆ ಒಪ್ಪಂದದ ನಂತರ ಅಲ್ಲಿ ತಪಾಸಣೆ ಇಲ್ಲ. 2017ರ ಶರತ್ಕಾಲದಲ್ಲಿ ಎರಡೂ ಕಡೆಯ ಅಧಿಕಾರಿಗಳು ಉತ್ತರ–ದಕ್ಷಿಣ ಸಹಕಾರದ 142 ಕ್ಷೇತ್ರಗಳನ್ನು ಒಂದೊಂದಾಗಿ ಪಟ್ಟಿ ಮಾಡಿ, ಪ್ರತಿಯೊಂದೂ ಒಕ್ಕೂಟದ ಕಾನೂನಿನ ಮೇಲೆ ಎಷ್ಟು ನಿಂತಿದೆ ಎಂದು ಗುರುತಿಸಿದರು. ಗಡಿಯಾಚೆಯ ಆಸ್ಪತ್ರೆ ಸೇವೆ, ವಿದ್ಯುತ್ ಮಾರುಕಟ್ಟೆ, ಜಾನುವಾರು ಆರೋಗ್ಯ ಎಲ್ಲವೂ ಅದರಲ್ಲಿದ್ದವು. ಗಡಿ ಎಂದರೆ ಸುಂಕದ ಕಟ್ಟೆ ಮಾತ್ರ ಎಂದುಕೊಂಡಿದ್ದವರ ಕಣ್ಣು ತೆರೆಸಿದ ಪಟ್ಟಿ ಅದು. ಉತ್ತರ ಐರ್ಲೆಂಡಿನಲ್ಲಿ ಜನವರಿ 2017ರಿಂದ ಜನವರಿ 2020ರವರೆಗೆ ಚುನಾಯಿತ ಸರಕಾರವೇ ಇರಲಿಲ್ಲ ಎಂಬುದನ್ನೂ ನೆನಪಿಡಬೇಕು. ಅತಿ ಹೆಚ್ಚು ಬಾಧಿತವಾಗುವ ಪ್ರದೇಶವನ್ನು ಆ ಮೂರು ವರ್ಷ ಸಚಿವರಿಲ್ಲದೆ ಅಧಿಕಾರಿಗಳೇ ನಡೆಸುತ್ತಿದ್ದರು.

4 ಡಿಸೆಂಬರ್ 2017ರಂದು ಪ್ರಧಾನಿ ಬ್ರಸೆಲ್ಸ್‌ನಲ್ಲಿ ಊಟಕ್ಕೆ ಕೂತಿದ್ದಾಗ, ಸಂಸತ್ತಿನಲ್ಲಿ ಅವರಿಗೆ ಬೆಂಬಲ ಕೊಟ್ಟಿದ್ದ, ಉತ್ತರ ಐರ್ಲೆಂಡಿನ ಡಿಯುಪಿ ಪಕ್ಷದ ನಾಯಕಿ ಆರ್ಲೀನ್ ಫಾಸ್ಟರ್ ಫೋನಿನಲ್ಲಿ ಕರಡು ಒಪ್ಪುವುದಿಲ್ಲವೆಂದರು. ನಾಲ್ಕು ದಿನ ತಿದ್ದಾಟ ನಡೆದು 8 ಡಿಸೆಂಬರ್‌ಗೆ ಜಂಟಿ ವರದಿ ಹೊರಬಂತು. ಅದರ 49ನೇ ಕಂಡಿಕೆ ಹೇಳಿದ್ದು: ಬೇರೆ ಪರಿಹಾರ ಸಿಗದಿದ್ದರೆ, ಉತ್ತರ–ದಕ್ಷಿಣ ಸಹಕಾರಕ್ಕೆ ಬೇಕಾದ ಏಕೀಕೃತ ಮಾರುಕಟ್ಟೆ ಮತ್ತು ಸುಂಕ ಒಕ್ಕೂಟದ (ಹೊರಗಿನ ಸರಕಿಗೆ ಒಂದೇ ಸುಂಕ ಹಾಕುವ ಏರ್ಪಾಡಿನ) ನಿಯಮಗಳಿಗೆ ಬ್ರಿಟನ್ ಪೂರ್ಣವಾಗಿ ಹೊಂದಿಕೊಂಡಿರುತ್ತದೆ. 50ನೆಯದು: ಉತ್ತರ ಐರ್ಲೆಂಡಿಗೂ ಬ್ರಿಟನ್ನಿನ ಉಳಿದ ಭಾಗಕ್ಕೂ ನಡುವೆ ಹೊಸ ನಿಯಂತ್ರಣ ಅಡ್ಡಿ ಬರುವುದಿಲ್ಲ. ಒಂದು ಡಬ್ಲಿನ್‌ಗಾಗಿ, ಇನ್ನೊಂದು ಉತ್ತರ ಐರ್ಲೆಂಡಿನ ರಾಜಧಾನಿ ಬೆಲ್‌ಫಾಸ್ಟ್‌ಗಾಗಿ. ಯಾರು ಯಾವುದನ್ನು ಓದಿದರೂ ತಾವೇ ಗೆದ್ದೆವೆನಿಸುವ ಬರಹ.

ರಾಜಕೀಯ ಹೇಳಿಕೆಯಲ್ಲಿ ಇಂಥ ಅಸ್ಪಷ್ಟತೆ ಕಾಲ ತಳ್ಳಲು ನೆರವಾಗುತ್ತದೆ. ಕಾನೂನಿನ ಪಠ್ಯದಲ್ಲಿ ಅದು ನಿಲ್ಲದು, ಏಕೆಂದರೆ ಬಂದರಿನ ತನಿಖಾಧಿಕಾರಿಗೆ ಲಾರಿ ತಡೆಯಬೇಕೋ ಬಿಡಬೇಕೋ ಎಂಬ ಒಂದೇ ಉತ್ತರ ಬೇಕು. 28 ಫೆಬ್ರುವರಿ 2018ರಂದು ಒಕ್ಕೂಟದ ತಂಡ 49ನೇ ಕಂಡಿಕೆಯನ್ನು, ಅದೂ ಉತ್ತರ ಐರ್ಲೆಂಡಿಗೆ ಮಾತ್ರ ಅನ್ವಯಿಸಿ, ಕಾನೂನಿನ ಭಾಷೆಗೆ ಇಳಿಸಿತು. 50ನೆಯದನ್ನು ಬ್ರಿಟನ್ನಿನ ಆಂತರಿಕ ವಿಷಯವೆಂದು ಬಿಟ್ಟಿತು. ಯಾವ ಬ್ರಿಟಿಷ್ ಪ್ರಧಾನಿಯೂ ಇದನ್ನು ಒಪ್ಪಲಾರರು ಎಂದರು ಮೇ. ಬ್ರಿಟನ್ ತನ್ನದೇ ಪರ್ಯಾಯ ಪಠ್ಯವನ್ನು ಕೂಡಲೇ ಮುಂದಿಡಬೇಕಿತ್ತು. ಸಂಪುಟದ ಒಪ್ಪಿಗೆಯಿಲ್ಲದೆ ಅಧಿಕಾರಿಗಳು ಬರೆಯುವಂತಿರಲಿಲ್ಲ, ಸಂಪುಟ ಒಪ್ಪುವಂತಿರಲಿಲ್ಲ. ಅಂದಿನಿಂದ ಎದುರು ಪಕ್ಷದ ಕರಡೇ ಚರ್ಚೆಯ ಆಧಾರವಾಯಿತು. ಕರಡು ಯಾರದೋ ಅರ್ಧ ಗೆಲುವು ಅವರದು ಎಂಬುದು ಒಪ್ಪಂದ ಬರೆಯುವವರೆಲ್ಲ ಬಲ್ಲ ಮಾತು.

ಅಕ್ಟೋಬರ್ 2018ರ ಮಧ್ಯದಲ್ಲಿ ರಾಬಿನ್ಸ್ ಮತ್ತು ವೈಯಾಂಡ್ ಒಂದು ಪಠ್ಯಕ್ಕೆ ಬಂದಿದ್ದರು. ರಾಬ್ ಬ್ರಸೆಲ್ಸ್‌ಗೆ ಹಾರಿಬಂದು ಅದನ್ನು ತಡೆದರು. ತಿಂಗಳ ನಂತರ, 14 ನವೆಂಬರ್‌ಗೆ 585 ಪುಟದ ಒಪ್ಪಂದ ಹೊರಬಂತು. ಮರುದಿನ ರಾಬ್ ಹೊರನಡೆದರು. 15 ಜನವರಿ 2019ರಂದು ಸಂಸತ್ತು ಅದನ್ನು 432–202ರಲ್ಲಿ ತಿರಸ್ಕರಿಸಿತು. ಮಾರ್ಚ್‌ನಲ್ಲಿ ಇನ್ನೆರಡು ಬಾರಿ ಸೋಲು.

ಬೈಗುಳದ ಪಾಲು

ಈ ಹೊತ್ತಿಗೆ ಒಪ್ಪಂದಕ್ಕೆ ರಾಬಿನ್ಸ್ ಹೆಸರೇ ಅಂಟಿಕೊಂಡಿತ್ತು. ಸಚಿವರು ಅನಾಮಧೇಯರಾಗಿ ಪತ್ರಿಕೆಗಳಿಗೆ ಅವರ ವಿರುದ್ಧ ಮಾತಾಡುತ್ತಿದ್ದರು. ಅಧಿಕಾರಿ ತಿರುಗಿ ಉತ್ತರ ಕೊಡುವಂತಿಲ್ಲ. ಪ್ರಾಮಾಣಿಕತೆ, ಋಜುತ್ವ, ವಸ್ತುನಿಷ್ಠತೆ, ನಿಷ್ಪಕ್ಷಪಾತ ಎಂಬ ನಾಲ್ಕು ಮೌಲ್ಯಗಳ ಸೇವಾ ಸಂಹಿತೆಗೆ 2010ರ ಕಾಯಿದೆಯ ಬಲವಿದೆ. ಬದಲಿಗೆ ಸಚಿವರೇ ಜವಾಬ್ದಾರಿ ಹೊರಬೇಕು. ಆ ಕೊಡುಕೊಳ್ಳುವಿಕೆ 2018ರಲ್ಲಿ ಒಂದು ಕಡೆಯಿಂದ ಮುರಿಯಿತು. ಹಂಗಾಮಿ ಸಂಪುಟ ಕಾರ್ಯದರ್ಶಿಯಾಗಿದ್ದ ಮಾರ್ಕ್ ಸೆಡ್ವಿಲ್ ಪತ್ರಿಕೆಯೊಂದಕ್ಕೆ ಬಹಿರಂಗ ಪತ್ರ ಬರೆದು ರಾಬಿನ್ಸ್ ಅವರನ್ನು ಸಮರ್ಥಿಸಬೇಕಾಯಿತು. ರಾಬಿನ್ಸ್ ಪಾಲಿನ ಎಡವಟ್ಟೂ ಇತ್ತು: ಫೆಬ್ರುವರಿ 2019ರಲ್ಲಿ ಬ್ರಸೆಲ್ಸ್‌ನ ಹೋಟೆಲ್ ಬಾರಿನಲ್ಲಿ, ಸಂಸದರಿಗೆ ಕೊನೆಗೆ ಈ ಒಪ್ಪಂದ ಇಲ್ಲವೇ ದೀರ್ಘ ಮುಂದೂಡಿಕೆ ಎಂಬ ಎರಡೇ ಆಯ್ಕೆ ಉಳಿಯುತ್ತದೆ ಎಂಬ ಧಾಟಿಯಲ್ಲಿ ಅವರು ಆಡಿದ ಮಾತು ಐಟಿವಿ ವಾಹಿನಿಯ ವರದಿಗಾರರ ಕಿವಿಗೆ ಬಿತ್ತು.

ಜಾನ್ಸನ್ ಪ್ರಧಾನಿಯಾಗಿ ಬಂದ ಮೇಲೆ ರಾಬಿನ್ಸ್ ಇದ್ದ ಸ್ಥಾನಕ್ಕೆ ಸೇವಾನಿರತ ಅಧಿಕಾರಿಯ ಬದಲು ರಾಜಕೀಯ ನೇಮಕಾತಿ ಬಂತು. ಡೇವಿಡ್ ಫ್ರಾಸ್ಟ್ ಹಿಂದೆ ರಾಜತಾಂತ್ರಿಕರಾಗಿದ್ದವರು, ಆದರೆ ಈಗ ಪ್ರಧಾನಿಯ ವಿಶೇಷ ಸಲಹೆಗಾರ. ಅವರ ಮಾತು ಪ್ರಧಾನಿಯ ಮಾತಲ್ಲವೆಂದು ಯಾರೂ ಶಂಕಿಸಲಿಲ್ಲ. ಸೂಚನೆಯ ಬರ ತೀರಿತು, ಇದು ಲಾಭ. ನಷ್ಟವೂ ಇದೆ: ಇದರಿಂದ ಮುಂದೆ ಏನಾಗುತ್ತದೆ ಗೊತ್ತೇ ಎಂದು ಕೇಳುವ ಅಧಿಕಾರಿ ಹಿಂದಿನ ಸಾಲಿಗೆ ಸರಿದ. ಅಕ್ಟೋಬರ್ 2019ರಲ್ಲಿ ತಾವೇ ಕುದುರಿಸಿದ ಉತ್ತರ ಐರ್ಲೆಂಡ್ ಷರತ್ತುಗಳ ವಿರುದ್ಧ ಎರಡೇ ವರ್ಷಕ್ಕೆ ಫ್ರಾಸ್ಟ್ ಸಚಿವರಾಗಿ ಹೋರಾಡುತ್ತಿದ್ದರು.

ಕಾನೂನು ಅಧಿಕಾರಿಗಳ ಪರೀಕ್ಷೆ ಬಂದದ್ದು ಸೆಪ್ಟೆಂಬರ್ 2020ರಲ್ಲಿ. ಸಹಿ ಮಾಡಿದ ನಿರ್ಗಮನ ಒಪ್ಪಂದದ ಭಾಗಗಳನ್ನು ಬದಿಗೊತ್ತುವ ಮಸೂದೆ ತರುವುದಾಗಿ ಸರಕಾರ ಹೇಳಿದಾಗ ಸರಕಾರಿ ಕಾನೂನು ಇಲಾಖೆಯ ಮುಖ್ಯಸ್ಥ ಸರ್ ಜೊನಾಥನ್ ಜೋನ್ಸ್ ರಾಜೀನಾಮೆ ಕೊಟ್ಟರು. ಇದು ಅಂತರರಾಷ್ಟ್ರೀಯ ಕಾನೂನನ್ನು ನಿರ್ದಿಷ್ಟ, ಸೀಮಿತ ರೀತಿಯಲ್ಲಿ ಮುರಿಯುತ್ತದೆ ಎಂದು ಅದೇ ದಿನ ಸಚಿವ ಬ್ರಾಂಡನ್ ಲೂಯಿಸ್ ಸದನದಲ್ಲೇ ಒಪ್ಪಿಕೊಂಡರು. ಡಿಸೆಂಬರ್‌ನಲ್ಲಿ ಆ ಕಲಮುಗಳನ್ನು ಹಿಂತೆಗೆದುಕೊಂಡರು. ರಾಜೀನಾಮೆ ಎಂಬುದು ಅಧಿಕಾರಿಯ ಕೊನೆಯ ಷರಾ. ರೋಜರ್ಸ್ ಅವರದು ಪಕ್ಕಕ್ಕೆ ಸರಿಸಲ್ಪಟ್ಟಿತು, ಜೋನ್ಸ್ ಅವರದಕ್ಕೆ ಸದನ ಮತ್ತು ಬ್ರಸೆಲ್ಸ್ ಎರಡರ ಒತ್ತಡ ಸೇರಿತು.

ತೆರೆಮರೆಯ ಕೂಲಿಕೆಲಸ

ಒಪ್ಪಂದವಿಲ್ಲದೆ ಹೊರಬಿದ್ದರೆ ಎಂಬ ಸಿದ್ಧತೆ ಅಕ್ಟೋಬರ್ 2019ರಲ್ಲಿ 22,000 ಸಿಬ್ಬಂದಿಯನ್ನು ಹಿಡಿದಿಟ್ಟುಕೊಂಡಿತ್ತು. ಜನವರಿ 2020ರ ಕೊನೆಗೆ ನಿರ್ಗಮನದ ತಯಾರಿಗೆ ಇಲಾಖೆಗಳು ಮಾಡಿದ ಖರ್ಚು ಕನಿಷ್ಠ 4.4 ಬಿಲಿಯನ್ ಪೌಂಡ್ ಎಂದು ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆ ಹೇಳಿತು. ಕಾನೂನಿನ ಅಧಿಕಾರವಿನ್ನೂ ಸಿಗದ ಬಾಬತ್ತಿಗೆ ಹಣ ಬಿಡುಗಡೆ ಮಾಡಬೇಕಾದಾಗ ಇಲಾಖಾ ಮುಖ್ಯಸ್ಥರು ಸಚಿವರಿಂದ ಲಿಖಿತ ಆದೇಶ ಕೇಳಿ ಪಡೆದರು, ಹೊಣೆ ಸಚಿವರ ತಲೆಗೆ ಬರಲೆಂದು. ಗಡಿಬಿಡಿಯಲ್ಲಿ ಕೊಟ್ಟ ಗುತ್ತಿಗೆಗಳು ಮುಗ್ಗರಿಸಿದವು. ಹಡಗೇ ಇಲ್ಲದ ಸೀಬೋರ್ನ್ ಫ್ರೈಟ್ ಕಂಪನಿಗೆ ಕೊಟ್ಟಿದ್ದ 13.8 ಮಿಲಿಯನ್ ಪೌಂಡ್ ದೋಣಿ ಗುತ್ತಿಗೆ ರದ್ದಾಯಿತು. ತನ್ನನ್ನು ಸ್ಪರ್ಧೆಯಿಂದ ಹೊರಗಿಟ್ಟರೆಂದು ದಾವೆ ಹೂಡಿದ, ಬ್ರಿಟನ್–ಫ್ರಾನ್ಸ್ ನಡುವಿನ ರೈಲು ಸುರಂಗ ನಡೆಸುವ ಯೂರೋಟನಲ್‌ಗೆ 33 ಮಿಲಿಯನ್ ಕೊಟ್ಟು ರಾಜಿಯಾಗಬೇಕಾಯಿತು.

ಅವಸರದ ಗುರುತು ಪಠ್ಯದಲ್ಲೂ ಉಳಿಯಿತು. 24 ಡಿಸೆಂಬರ್ 2020ರಂದು ಮುಗಿದ, 1,200ಕ್ಕೂ ಹೆಚ್ಚು ಪುಟಗಳ ವ್ಯಾಪಾರ ಒಪ್ಪಂದದ ಅನುಬಂಧವೊಂದು ಎಂದೋ ಬಳಕೆ ತಪ್ಪಿದ್ದ ನೆಟ್‌ಸ್ಕೇಪ್ ಕಮ್ಯುನಿಕೇಟರನ್ನು ಆಧುನಿಕ ಇಮೇಲ್ ತಂತ್ರಾಂಶವೆಂದು ಕರೆದಿತ್ತು. ಪೊಲೀಸ್ ಮಾಹಿತಿ ವಿನಿಮಯದ 2008ರ ಐರೋಪ್ಯ ನಿರ್ಧಾರದಿಂದ ಆ ಭಾಗವನ್ನು ಹಾಗೇ ಎತ್ತಿಕೊಂಡಿದ್ದರು. ಇಂಥವನ್ನು ಹಿಡಿಯಲು ಇರುವವರು ಕಾನೂನೂ ಭಾಷೆಯೂ ಬಲ್ಲ ವಿಶೇಷ ಪರಿಷ್ಕಾರಕರು, ಒಕ್ಕೂಟದ 24 ಭಾಷೆಗಳಿಗೆ 24 ಗುಂಪು. ಅವರ ಕೆಲಸ ಮುಗಿಯದೆ ತಾತ್ಕಾಲಿಕ ಜಾರಿಯ ಅವಧಿಯನ್ನು ಫೆಬ್ರುವರಿ ಕೊನೆಯಿಂದ ಏಪ್ರಿಲ್ ಕೊನೆಗೆ ಮುಂದೂಡಿದರು. 1 ಮೇ 2021ರಿಂದ ಒಪ್ಪಂದ ಪೂರ್ಣ ಜಾರಿಗೆ ಬಂತು.

ಸಹಿ ಬಿದ್ದ ಮೇಲೂ ಅಧಿಕಾರಿಯ ಇಕ್ಕಟ್ಟು ಮುಗಿಯಲಿಲ್ಲ. 2 ಫೆಬ್ರುವರಿ 2022ರಂದು ಉತ್ತರ ಐರ್ಲೆಂಡಿನ ಕೃಷಿ ಸಚಿವ ಎಡ್ವಿನ್ ಪೂಟ್ಸ್, ಅಂದು ಮಧ್ಯರಾತ್ರಿಯಿಂದ ಬ್ರಿಟನ್ನಿನ ಉಳಿದ ಭಾಗದಿಂದ ಬರುವ ಆಹಾರ ಸರಕಿಗೆ ಬಂದರುಗಳಲ್ಲಿ ಮಾಡುವ ತಪಾಸಣೆ ನಿಲ್ಲಿಸುವಂತೆ ಇಲಾಖೆಗೆ ಆದೇಶಿಸಿದರು. ಒಪ್ಪಂದದ ಪ್ರಕಾರ ತಪಾಸಣೆ ಕಡ್ಡಾಯ. ಅತ್ತ ದರಿ, ಇತ್ತ ಪುಲಿ. ಅಧಿಕಾರಿಗಳು ತಪಾಸಣೆ ಮುಂದುವರಿಸಿದರು. ಎರಡು ದಿನಕ್ಕೆ ಬೆಲ್‌ಫಾಸ್ಟ್ ಹೈಕೋರ್ಟ್ ಸಚಿವರ ಆದೇಶಕ್ಕೆ ಮಧ್ಯಂತರ ತಡೆ ಕೊಟ್ಟಿತು. ಆ ತಪಾಸಣೆಗಳ ಭಾರ ಇಳಿಸುವ ವಿಂಡ್ಸರ್ ಚೌಕಟ್ಟು ಎಂಬ ಹೊಸ ಒಪ್ಪಂದ ಬಂದದ್ದು ಫೆಬ್ರುವರಿ 2023ರಲ್ಲಿ.

2025ರ ಹೊತ್ತಿಗೆ ಚಕ್ರ ತುಸು ಹಿಂದಕ್ಕೆ ತಿರುಗಿತು. ಜನವರಿ 2025ರಲ್ಲಿ ರಾಬಿನ್ಸ್ ವಿದೇಶಾಂಗ ಕಚೇರಿಯ ಪರ್ಮನೆಂಟ್ ಸೆಕ್ರೆಟರಿಯಾಗಿ ಮರಳಿದರು. ಒಕ್ಕೂಟದ ಜೊತೆಗಿನ ಮಾತುಕತೆಯನ್ನು ಸಂಪುಟ ಸಚಿವಾಲಯದಲ್ಲಿ ಮೈಕೆಲ್ ಎಲ್ಲಮ್ ಎಂಬ ಹಿರಿಯ ಅಧಿಕಾರಿಗೆ ವಹಿಸಲಾಯಿತು. 2018ರಲ್ಲಿ ಒದ್ದಾಡಿದ ಅದೇ ಸಚಿವಾಲಯ, ಆದರೆ ಈ ಬಾರಿ ಸಚಿವ ನಿಕ್ ಥಾಮಸ್-ಸೈಮಂಡ್ಸ್ ಕೂಡ ಅದೇ ಸೂರಿನಡಿ. 19 ಮೇ 2025ರ ಲಂಡನ್ ಶೃಂಗಸಭೆಯಲ್ಲಿ ಮೀನುಗಾರಿಕೆ ಅವಕಾಶ 2038ರವರೆಗೆ ವಿಸ್ತರಣೆಯಾಯಿತು, ಆಹಾರ ಮತ್ತು ಸಸ್ಯ ಸುರಕ್ಷೆಯ ಒಪ್ಪಂದಕ್ಕೆ ತಾತ್ವಿಕ ಒಪ್ಪಿಗೆ ಸಿಕ್ಕಿತು. ಎಲ್ಲವೂ ಸಲೀಸಲ್ಲ. ಒಕ್ಕೂಟದ 150 ಬಿಲಿಯನ್ ಯೂರೋ ರಕ್ಷಣಾ ಸಾಲ ಯೋಜನೆಗೆ ಸೇರುವ ಮಾತುಕತೆ ಪ್ರವೇಶ ಶುಲ್ಕ ಎಷ್ಟೆಂಬ ಪ್ರಶ್ನೆಯಲ್ಲಿ ನವೆಂಬರ್ 2025ರಲ್ಲಿ ಮುರಿಯಿತು.

ಆಹಾರ ಸುರಕ್ಷೆಯ ಒಪ್ಪಂದದಲ್ಲಿ ಬ್ರಿಟನ್ ಆ ಕ್ಷೇತ್ರದ ಒಕ್ಕೂಟದ ನಿಯಮ ಬದಲಾದಂತೆಲ್ಲ ತನ್ನದನ್ನೂ ಬದಲಿಸಬೇಕು, ವೆಚ್ಚಕ್ಕೆ ಹಣ ಕೊಡಬೇಕು, ಕಾನೂನಿನ ಅರ್ಥದ ಬಗ್ಗೆ ಐರೋಪ್ಯ ನ್ಯಾಯಾಲಯದ ಮಾತೇ ಕೊನೆ. ನಿಯಮ ರೂಪುಗೊಳ್ಳುವ ಹಂತದಲ್ಲಿ ಅಭಿಪ್ರಾಯ ಹೇಳಲು ಅವಕಾಶ ಉಂಟು, ಮತವಿಲ್ಲ. 2016ಕ್ಕೆ ಮುಂಚೆ ಬ್ರಸೆಲ್ಸ್‌ನ ಕಾರ್ಯಗುಂಪುಗಳಲ್ಲಿ ಬ್ರಿಟಿಷ್ ಅಧಿಕಾರಿಗಳು ಕರಡಿನ ಮೊದಲ ಪ್ರತಿಗೇ ತಿದ್ದುಪಡಿ ಹಾಕಿಸುತ್ತಿದ್ದರು. ಈಗ ಅವರ ಉತ್ತರಾಧಿಕಾರಿಗಳು ಯಾವ ಕೀಟನಾಶಕದ ಮಿತಿ, ಯಾವ ಪ್ರಮಾಣಪತ್ರದ ನಮೂನೆ ಯಾವಾಗ ಬದಲಾಗಲಿದೆಯೆಂದು ಒಕ್ಕೂಟದ ಕಾನೂನು ಕರಡು ತಯಾರಿಸುವ ಐರೋಪ್ಯ ಆಯೋಗದ ವೇಳಾಪಟ್ಟಿ ನೋಡಿ ಮೊದಲೇ ಊಹಿಸಿ, ಕರಡು ಇನ್ನೂ ಹಸಿಯಾಗಿರುವಾಗಲೇ ಟಿಪ್ಪಣಿ ಕಳಿಸಬೇಕು. ಅದಕ್ಕೆ ಬೇಕಾದ ಪಶುವೈದ್ಯರು, ಕಾನೂನು ಕರಡುಗಾರರು, ಬ್ರಸೆಲ್ಸ್‌ನಲ್ಲಿ ಕೂತು ಕೆಲಸ ಮಾಡುವ ಸಿಬ್ಬಂದಿ ಎಷ್ಟು ಎಂಬುದನ್ನು ಲಂಡನ್ ಬಜೆಟ್ಟಿನಲ್ಲಿ ತೋರಿಸಬೇಕು.